ಯಾರೂ ಬೆನ್ನು ಸವರದ ಅಳಿಲು

2 ಫೆಬ್ರವರಿ 2014, ಭಾನುವಾರ

ಇಂದು ಅಟ್ಟೂರಿನ ನಮ್ಮ ಮನೆಯ ಹಿತ್ತಲಲ್ಲಿ ದಿವಂಗತ ಶ್ರೀರಾಮಪ್ಪನವರು, ಅಂದರೆ ನನ್ನ ಸ್ವಂತ ತಾತ, ತಮ್ಮದೇ ತಿಥಿಯ ವಡೆ ತಿನ್ನಲು ನಿರಾಕರಿಸಿದರು.

ಮುಂದೊಂದು ದಿನ ಸರ್ಕಾರ ಈ ದಿನಚರಿಯನ್ನು ಮುಟ್ಟುಗೋಲು ಹಾಕಿಕೊಂಡರೆ ಅಧಿಕಾರಿಗಳಿಗೆ ತೊಂದರೆಯಾಗಬಾರದೆಂದು ಎಲ್ಲರ ಪರಿಚಯ ಕೊಟ್ಟೇ ಬರೆಯುತ್ತೇನೆ.

ಹನ್ನೊಂದನೆಯ ದಿನದ ಎಡೆ. ಬಾಳೆಲೆಯ ಮೇಲೆ ಅನ್ನ, ಸಾರು, ವಡೆ, ಪಾಯಸ, ತಾತನಿಗೆ ಪ್ರಾಣವಾಗಿದ್ದ ಚಕ್ಕುಲಿ, ಒಂದು ಕಟ್ಟು ಬೀಡಿ. ಸೀಬೆ ಮರದ ಕೆಳಗಿನ ಮೋಟುಗೋಡೆಯ ಮೇಲೆ ಎಲೆ ಇಟ್ಟು ಹಿಂದೆ ಸರಿದು ನಿಂತೆವು. ಕಾಗೆ ಬಂದು ಮುಟ್ಟಬೇಕು, ಆಮೇಲೆ ನಮ್ಮ ಊಟ. ಕಾಗೆಗಳು ಬಂದವು. ಎದುರಿನ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನ ಮೇಲೆ ಸಾಲಾಗಿ ಕೂತು, ಬಸ್ಸಿಗೆ ಕಾಯುವವರ ಹಾಗೆ ನಮ್ಮನ್ನು ನೋಡಿದವು. ಒಂದೂ ಇಳಿಯಲಿಲ್ಲ.

"ಅಣ್ಣಂಗೆ ಏನೋ ಆಸೆ ಉಳ್ಕಂಡೈತೆ," ಎಂದರು ಆಂಜಿನಪ್ಪ. ಇವರು ಹಳೇ ಊರಿನ ಹಿರಿಯರು. ಯಾರು ಸತ್ತರೂ ಮುಂದೆ ನಿಂತು ನಿಯಮ ಹೇಳುವವರು. "ಒಬ್ಬೊಬ್ರೇ ಬಂದು ಮಾತು ಕೊಡ್ರಪ್ಪ. ಮಾತು ಸಿಕ್ರೆ ಇಳೀತಾನೆ."

ಮೊದಲು ಅಪ್ಪ. ಹೆಸರು ಮುನೀಂದ್ರ, ವೃತ್ತಿಯಲ್ಲಿ ಬಸ್ ಡ್ರೈವರ್, ಹಾರ್ನ್ ಬಿಟ್ಟರೆ ಬೇರೆ ಮಾತು ಕಡಿಮೆ. "ಅಪ್ಪಾ, ಅಮ್ಮನ್ನ ನಾನ್ ನೋಡ್ಕೋತೀನಿ. ಬಾರಪ್ಪ," ಎಂದವರು ತಿರುಗಿ ಗೋಡೆ ನೋಡಿಕೊಂಡು ನಿಂತರು. ಆಮೇಲೆ ಅಮ್ಮ. ಮನೆಯ ಮುಂದಿನ ಕೋಣೆಯಲ್ಲಿರುವ ಸರಳಾ ಲೇಡೀಸ್ ಬ್ಯೂಟಿ ಪಾರ್ಲರಿನ ಸರಳಾ ಇವಳೇ. "ಮಾವ, ಪಾರ್ಲರ್‌ಗೆ ಬರೋರ ಮುಂದೆ ಬನಿಯನ್‌ನಲ್ಲಿ ಕೂರ್ಬೇಡಿ ಅಂತ ರೇಗಿದ್ದೆ. ತಪ್ಪಾಯ್ತು. ಹೆಂಗ್ ಬೇಕಾದ್ರೂ ಬನ್ನಿ."

ಕಾಗೆಗಳು ಜಾಗ ಬದಲಿಸಿ ಕೂತವು, ಅಷ್ಟೇ.

ಕೊನೆಗೆ ಏಕೈಕ ಮೊಮ್ಮಗಳಾದ ನಾನು, ಕುಮಾರಿ ಹರ್ಷಿತಾ, ದ್ವಿತೀಯ ಬಿ.ಕಾಂ., ಕೈ ಮುಗಿದು ಪರಮ ಗಾಂಭೀರ್ಯದಿಂದ ಹೇಳಿದೆ: "ತಾತ, ಇನ್ಮೇಲೆ ನಿನ್ನ ಹಲ್ಲಿನ ಸೆಟ್ ಬಚ್ಚಿಡಲ್ಲ." ಅಮ್ಮ ನನ್ನ ತೋಳಿನ ಮಾಂಸ ಹಿಡಿದು ತಿರುಗಿಸಿದಳು.

ಆಗ ಸೀಬೆ ಮರದಿಂದ ಅದು ಇಳಿಯಿತು. ಬಿಳಿ ಅಳಿಲು. ಸುಣ್ಣದ ಡಬ್ಬದಲ್ಲಿ ಮುಳುಗಿ ಎದ್ದ ಹಾಗೆ ಬಾಲದ ತುದಿಯಿಂದ ಮೂತಿಯವರೆಗೆ ಬಿಳಿ. ಕಣ್ಣು ಮಾತ್ರ ಎರಡು ಕಪ್ಪು ಸಾಸಿವೆ. ಬೆನ್ನ ಮೇಲೆ ಒಂದು ಗೆರೆಯೂ ಇಲ್ಲ. ಅದು ವಡೆಯನ್ನು ಮೂಸಿ ಬಿಟ್ಟು, ಚಕ್ಕುಲಿಯನ್ನು ಎರಡು ಕೈಯಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ ಮುಂದಿನ ಹಲ್ಲಿನಿಂದ ಕಡಿಯತೊಡಗಿತು. ತಾತ ಚಕ್ಕುಲಿ ತಿನ್ನುತ್ತಿದ್ದುದು ಥೇಟ್ ಹಾಗೆ.

ಯಾರೂ ಉಸಿರೆತ್ತಲಿಲ್ಲ. ಇಂಥ ಮೌನವನ್ನು ಹಾಳು ಮಾಡದಿದ್ದರೆ ನಾನು ನಾನೇ ಅಲ್ಲ. ನಾಟಕದ ಸೇವಕನ ಹಾಗೆ ಒಂದು ಹೆಜ್ಜೆ ಮುಂದಿಟ್ಟು ಘೋಷಿಸಿದೆ: "ತಾತ ಬಂದ್ರು."

ಬೈಗುಳಕ್ಕೆ ಕಿವಿ ತಯಾರಾಗಿಟ್ಟುಕೊಂಡಿದ್ದೆ. ಬೈಗುಳ ಬರಲಿಲ್ಲ. ಬಾಗಿಲ ಹಿಂದಿನ ಮೂಲೆಯಲ್ಲಿ ಕೂತಿದ್ದ ಅಜ್ಜಿ ಗೋಪಾಲಮ್ಮ ಗೋಡೆ ಹಿಡಿದು ಎದ್ದಳು. ತಾತ ಹೋದಾಗಿನಿಂದ ದಿನಕ್ಕೆ ಎರಡು ಲೋಟ ಮಜ್ಜಿಗೆ ಬಿಟ್ಟು ಏನನ್ನೂ ಮುಟ್ಟದವಳು.

"ಬಂದ್ರಾ?" ಎಂದಳು. ಪೊರೆ ಬಂದ ಕಣ್ಣಿನಲ್ಲಿ ತುಂಬ ಹೊತ್ತು ನೋಡಿದಳು. "ಊಂ. ಅಂಗೇ ತಿಂತಿದ್ದಿದ್ದು."

"ಶಾಸ್ತ್ರದಾಗೆ ಅಳಿಲು ಅಂತ ಎಲ್ಲೂ ಇಲ್ವಲ್ಲ," ಎಂದು ಆಂಜಿನಪ್ಪ ತಲೆ ಕೆರೆದರು. ಆದರೆ ಅವರಿಗೂ ಹೊಟ್ಟೆ ಹಸಿದಿತ್ತು. "ಓಗ್ಲಿ, ಬಡಿಸ್ರವ್ವ."

ಅಜ್ಜಿ ಅನ್ನ ತಿಂದಳು. ಎರಡನೇ ಸಲ ಸಾರು ಹಾಕಿಸಿಕೊಂಡಳು. ನನ್ನ ಜೀವಮಾನದ ಚೇಷ್ಟೆಗಳಲ್ಲಿ ಇದು ಅತಿ ಯಶಸ್ವಿ ಎಂದು ಇಲ್ಲಿ ದಾಖಲಿಸಲಾಗಿದೆ.

ತಾತ ಇದ್ದಿದ್ದರೆ ಮೆಚ್ಚುತ್ತಿದ್ದರು. ಚೇಷ್ಟೆಯಲ್ಲಿ ನನ್ನ ಗುರು ಅವರೇ. ಜಗಲಿಯ ಮಂಚದ ಮೇಲೆ ಬಾಯಿ ತೆರೆದು ಸತ್ತವರ ಹಾಗೆ ಮಲಗುವುದು ಅವರ ಪೇಟೆಂಟ್ ಆಟ. ನಾನು ಅಂಗಾಲಿಗೆ ಕಚಗುಳಿ ಇಟ್ಟರೆ "ಅಯ್ಯೋ, ಯಮನ ಬಾಗಿಲಿಂದ ವಾಪಸ್ ಕಳಿಸ್ಬಿಟ್ಲು!" ಎಂದು ಏಳುವರು. ಆ ಗುರುವಾರ ಬೆಳಿಗ್ಗೆಯೂ ಇಟ್ಟೆ. ಅಭಿನಯ ಬಹಳ ಚೆನ್ನಾಗಿದೆ ಎಂದು ಚಪ್ಪಾಳೆ ತಟ್ಟಿದೆ. ಕಾಲ ಬುಡದಲ್ಲೇ ಕೂತು ಕಾದೆ. ಆಟದ ನಿಯಮ ಮುರಿದವರು ಅವರು, ನಾನಲ್ಲ.

ಇರಲಿ. ಪಾಯಸ ಚೆನ್ನಾಗಿತ್ತು.

5 ಫೆಬ್ರವರಿ

ದಿವಂಗತರು ದಿನವೂ ಬೆಳಿಗ್ಗೆ ಸೀಬೆ ಮರದಿಂದ ಇಳಿದು ದರ್ಶನ ಕೊಡುತ್ತಿದ್ದಾರೆ. ಅಜ್ಜಿ ಮೋಟುಗೋಡೆಯ ಮೇಲೆ ಕಡಲೆಬೀಜ, ಚಕ್ಕುಲಿ ಚೂರು ಇಟ್ಟು, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಅಳಿಲು ತಿಂದ ಮೇಲೆ ಅವಳ ಮುದ್ದೆ. ಅಳಿಲು ತಡಮಾಡಿದರೆ ಮುದ್ದೆಯೂ ತಡ.

ಮಾತಂತೂ ನಿಲ್ಲುವುದೇ ಇಲ್ಲ. ನಾನು ಬಟ್ಟೆ ಒಣಗಿಸುವ ನೆಪದಲ್ಲಿ ಕದ್ದು ಕೇಳುತ್ತೇನೆ.

"ಏನ್ರೀ, ಮೈಯೆಲ್ಲ ಬೆಳ್ಳಗಾಗೈತೆ? ಜೀವ ಇದ್ದಾಗ ಸೋಪು ಅಂದ್ರೆ ಓಡೋಗ್ತಿದ್ರಿ." ಅಳಿಲು ಕಟಕಟ. "ಮೂರನೇ ದಿನ ಗುಂಡಿಗೆ ಆಲು ತುಪ್ಪ ಬಿಡೋವಾಗ ನಾನೂ ಬತ್ತೀನಿ ಅಂದೆ ಕಣ್ರೀ. ಗಂಡ ಸತ್ತೋಳು ಗುಂಡಿ ತಾವ ಬರಂಗಿಲ್ಲ ಅಂದ ಆ ಆಂಜಿನಪ್ಪ. ಎಲ್ರೂ ಒಂಟೋದ್ರು. ನಾನು ಇಲ್ಲೇ ಕುಂತಿದ್ದೆ." ಅಳಿಲು ಬಾಲ ಎತ್ತಿ ಇನ್ನೊಂದು ಬೀಜ ತೆಗೆದುಕೊಂಡಿತು. ದಿವಂಗತರು ಬದುಕಿದ್ದಾಗಲೂ ಅಜ್ಜಿಯ ದೂರಿಗೆ ಇಷ್ಟೇ ಗಮನ ಕೊಡುತ್ತಿದ್ದರು.

ಆಮೇಲೆ ನನ್ನನ್ನು ಕರೆದು ಹೇಳಿದಳು: "ನೋಡಮ್ಮಿ, ಎಲ್ಲಾ ಅಳಿಲಿಗೂ ರಾಮದೇವ್ರು ಬೆನ್ನು ಸವರವ್ನೆ, ಅದ್ಕೇ ಮೂರು ಗೆರೆ. ಇದ್ರ ಬೆನ್ನು ಯಾರೂ ಸವರಿಲ್ಲ. ಪಾಪ."

ಅಪ್ಪನಿಗೆ ಕೋಪ. "ನಮ್ಮಪ್ಪ ಅಳಿಲೇನೇ? ಎಲ್ಲಾ ನಿನ್ನಿಂದ. ಬಾಯಿಗೊಂದು ಬೀಗ ಹಾಕ್ಕೋ." ಶಿಕ್ಷೆಯನ್ನು ತಲೆಬಾಗಿ ಸ್ವೀಕರಿಸಿದೆ. ಆದರೆ ಸಂಜೆ ಡ್ಯೂಟಿ ಮುಗಿಸಿ ಬಂದವರು ಯೂನಿಫಾರ್ಮ್ ಕೂಡ ತೆಗೆಯದೆ ಹಿತ್ತಲಲ್ಲಿ ನಿಂತು, ಮರದ ಕಡೆ ನೋಡುತ್ತ, "ಹೆಬ್ಬಾಳದ ಫ್ಲೈಓವರ್ ಮೇಲೆ ಇವತ್ತೂ ಜಾಮ್ ಅಪ್ಪ," ಎನ್ನುತ್ತಿದ್ದರು. ನಾನು ಬಕೆಟ್ ಸದ್ದು ಮಾಡಿದೆ. ಕೆಮ್ಮಿ ಒಳಗೆ ಹೋದರು.

13 ಫೆಬ್ರವರಿ

ಇಂದು ಕಾಮರ್ಸ್ ವಿಭಾಗದ ರಾಯಭಾರಿಯಾಗಿ ಪ್ರಾಣಿಶಾಸ್ತ್ರದ ಯಶೋಧಾ ಮೇಡಂ ಬಳಿ ಹೋಗಿದ್ದೆ. "ಮೇಡಂ, ನಮ್ಮ ಕುಟುಂಬದ ಹಿರಿಯ ಸದಸ್ಯರೊಬ್ಬರು ಇದ್ದಕ್ಕಿದ್ದಂತೆ ಬೆಳ್ಳಗಾಗಿದ್ದಾರೆ," ಎಂದು ಫೋನಿನಲ್ಲಿ ಫೋಟೋ ತೋರಿಸಿದೆ. ಮೇಡಂ ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು, ಆಮೇಲೆ ಫೋಟೋ ನೋಡಿ ನನ್ನನ್ನು ಮರೆತೇಬಿಟ್ಟರು.

"ಕಣ್ಣು ಕೆಂಪಾ, ಕಪ್ಪಾ?"

"ಕಪ್ಪು."

"ಹಾಗಾದ್ರೆ ಇದು ಆಲ್ಬಿನೋ ಅಲ್ಲ. ಕೂದಲಿಗೆ ಮಾತ್ರ ಬಣ್ಣ ಸಿಕ್ಕಿಲ್ಲ. ಹುಟ್ಟುವಾಗಲೇ ಹೀಗೆ. ತುಂಬ ಅಪರೂಪ ಕಣಮ್ಮ, ನಾನೇ ಇವತ್ತಿನವರೆಗೆ ಕಣ್ಣಾರೆ ನೋಡಿಲ್ಲ."

"ಕಾಯಿಲೆಯಾ ಮೇಡಂ?"

"ಕಾಯಿಲೆ ಅಲ್ಲ. ಅದರ ಪಾಡಿಗೆ ಅದು ಚೆನ್ನಾಗೇ ಇರತ್ತೆ. ಆದ್ರೆ ಬೇರೆ ಅಳಿಲು ತೊಗಟೆ ಮೇಲೆ ಕೂತ್ರೆ ತೊಗಟೆ ಥರಾನೇ ಕಾಣ್ಸತ್ತೆ. ಇದು ಎಲ್ಲಿ ಕೂತ್ರೂ ಲೈಟ್ ಹಾಕ್ದಂಗೆ. ಹದ್ದಿಗೆ ಮೊದಲು ಕಾಣೋದು ಇದೇ." ಫೋನ್ ವಾಪಸ್ ಕೊಡುವಾಗ ಮೆಲ್ಲಗೆ ಹೇಳಿದರು, "ಜಾಸ್ತಿ ದಿನ ಇರಲ್ಲ ಇವು."

ಈ ವೈಜ್ಞಾನಿಕ ಅಭಿಪ್ರಾಯವನ್ನು ನಮ್ಮ ಮನೆತನ ತಿರಸ್ಕರಿಸಿದೆ. ಮುನ್ನೆಚ್ಚರಿಕೆಯಾಗಿ ಮಾತ್ರ ಪಾರ್ಲರಿನ ಹಳೆಯ ಹಸಿರು ಪರದೆಯನ್ನು ಮೋಟುಗೋಡೆಯ ಮೇಲೆ ಚಪ್ಪರದ ಹಾಗೆ ಕಟ್ಟಿದೆ.

"ಏನೇ ಇದು?" ಎಂದಳು ಅಮ್ಮ.

"ವಿಐಪಿ ಶಾಮಿಯಾನ."

24 ಫೆಬ್ರವರಿ

ಪಕ್ಕದ ಮನೆಯ ಮುರುಗೇಶ್ ಅಳಿಲಿನ ಫೋಟೋ ಫೇಸ್‌ಬುಕ್ಕಿಗೆ ಹಾಕುತ್ತೇನೆಂದ. ಇವನು ಒಂದನೇ ಕ್ಲಾಸಿನಿಂದ ನನ್ನ ಎಲ್ಲ ಚೇಷ್ಟೆಗಳ ಸಹ ಆರೋಪಿ.

"ಸಾವಿರ ಲೈಕ್ ಗ್ಯಾರಂಟಿ ಮಚ್ಚಾ. ಟೀವಿಯವರು ಬರ್ತಾರೆ."

"ಹಾಕಿದ್ರೆ ನಿನ್ನ ಕೈ ಮುರೀತೀನಿ."

"ಯಾಕೇ? ಹೋದ ವರ್ಷ ಆಂಜಿನಪ್ಪ ಮೂಗಲ್ಲಿ ಬೆರಳು ಹಾಕ್ಕೊಂಡಿದ್ದ ಫೋಟೋ ನೀನೇ ಹಾಕಿದ್ದೆ."

"ಆಂಜಿನಪ್ಪನ್ನ ಯಾವ ಹದ್ದೂ ಎತ್ಕೊಂಡು ಹೋಗಲ್ಲ. ಜನ ಬಂದ್ರೆ ಅದು ಹೆದರ್ಕೊಂಡು ಬಯಲಿಗೆ ಓಡತ್ತೆ."

ಇದರಲ್ಲಿ ಭಾವನೆಯ ಪ್ರಶ್ನೆಯೇನೂ ಇಲ್ಲ. ಕೇವಲ ಭದ್ರತೆಯ ವಿಷಯ.

ಚಕ್ಕುಲಿ ಮುಗಿದಿತ್ತು. ಯಲಹಂಕದ ಸಂತೆ ಬೀದಿಯ ಆ ಅಂಗಡಿಯದ್ದೇ ಬೇಕು, ಬೇರೆಯದರಲ್ಲಿ ಎಳ್ಳು ಕಡಿಮೆ ಎನ್ನುತ್ತಿದ್ದರು ತಾತ. ಕ್ಲಾಸ್ ಬಿಟ್ಟು ಹೋಗಿ ತಂದೆ.

3 ಮಾರ್ಚ್, ಸೋಮವಾರ

ಅಳಿಲು ಬರಲಿಲ್ಲ. ಅಜ್ಜಿಯ ಊಟ ಮಧ್ಯಾಹ್ನ ಮೂರು ದಾಟಿತು. "ಊರ ಕಡೆ ಓಗಿರ್ತಾರೆ," ಎಂದು ತನಗೆ ತಾನೇ ಹೇಳಿಕೊಂಡು ಅರ್ಧ ಮುದ್ದೆ ನುಂಗಿದಳು.

4 ಮಾರ್ಚ್

ಬರಲಿಲ್ಲ.

5 ಮಾರ್ಚ್

ಬರಲಿಲ್ಲ. ಅಜ್ಜಿ ತಟ್ಟೆ ಮುಟ್ಟಲಿಲ್ಲ.

ಅಮ್ಮ ಬೇಡಿಕೊಂಡಳು, ಅಪ್ಪ ಗದರಿದರು. ಅಜ್ಜಿಗೆ ಸಕ್ಕರೆ ಕಾಯಿಲೆ. ತಿನ್ನದೆ ಮಾತ್ರೆ ನುಂಗಿದರೆ ತಲೆ ತಿರುಗಿ ಬೀಳುತ್ತಾಳೆ, ಮಾತ್ರೆ ಬಿಟ್ಟರೆ ಸಕ್ಕರೆ ಏರುತ್ತದೆ. "ಅವ್ರು ಬರ್ಲಿ, ತಿಂತೀನಿ. ನಂದೇನು ಹಟ ಅಲ್ಲ ಕಣ್ ಮುನೀಂದ್ರ. ಗಂಟಲಾಗಿಂದ ಇಳೀತಿಲ್ಲ," ಎಂದಳು. ಹಟ ಮಾಡಿದ್ದರೆ ಮುರಿಯಬಹುದಿತ್ತು. ಹಟವಿಲ್ಲದವಳನ್ನು ಏನು ಮಾಡುವುದು?

ರಾತ್ರಿ ಊಟಕ್ಕೆ ಕೂತಾಗ ಅಪ್ಪ ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

6 ಮಾರ್ಚ್

ನಾನೂ ಮುರುಗೇಶನೂ ಶೋಧನೆಗೆ ಇಳಿದೆವು. ಲೇಔಟಿನ ಎಲ್ಲ ಮರಗಳು, ಖಾಲಿ ಸೈಟುಗಳು, ಕೆರೆ ಏರಿಯ ಜಾಲಿ ಪೊದೆಗಳು. ತಲೆ ಎತ್ತಿ ಎತ್ತಿ ಕತ್ತು ಹಿಡಿದಿದೆ. ಒಂದು ಗೇಟಿನ ವಾಚ್‌ಮನ್ ಕೇಳಿದ, "ಏನ್ ಹುಡುಕ್ತಾ ಇದೀರಮ್ಮ?"

"ನಮ್ಮ ತಾತನ್ನ."

ಬಾಯಿಂದ ಹಾಗೆಯೇ ಬಂತು. ಮುರುಗೇಶ್ ನಗುತ್ತಾನೆಂದುಕೊಂಡೆ. ನಗದೆ ಅವನೇ ಮುಂದುವರಿಸಿದ, "ಬೆಳ್ಳಗಿದಾರೆ ಅಣ್ಣ, ಸಣ್ಣಕ್ಕೆ. ಕಂಡ್ರೆ ಹೇಳಿ." ವಾಚ್‌ಮನ್ ನಮ್ಮಿಬ್ಬರನ್ನೂ ನೋಡಿ ಗೇಟು ಹಾಕಿಕೊಂಡ.

ಹದ್ದುಗಳು ಮಾತ್ರ ಕಂಡವು. ಬೇಕಾದಷ್ಟು.

7 ಮಾರ್ಚ್

ಕ್ಲಿನಿಕ್ಕಿನಿಂದ ಡಾಕ್ಟರನ್ನು ಕರೆತಂದೆವು. ಬೀಪಿ ಇಳಿದಿದೆಯಂತೆ. ನಾಳಿದ್ದರೊಳಗೆ ತಿನ್ನದಿದ್ದರೆ ಆಸ್ಪತ್ರೆಗೆ ಸೇರಿಸಿ, ಈ ವಯಸ್ಸಿನಲ್ಲಿ ಕಿಡ್ನಿ ಕೈಕೊಟ್ಟರೆ ನಾನು ಜವಾಬ್ದಾರನಲ್ಲ ಎಂದರು. ಡ್ರಿಪ್ ಹಾಕಲು ಬಂದ ಕೈಯನ್ನು ಅಜ್ಜಿ ಮೆತ್ತಗೆ ಸರಿಸಿದಳು. "ಬ್ಯಾಡಪ್ಪ. ನೀನೇನು ಮಾಡ್ತೀಯ." ಕೈ ಎಷ್ಟು ತೆಳ್ಳಗಾಗಿದೆಯೆಂದರೆ ಇಲ್ಲಿ ಒಂದು ಹೋಲಿಕೆ ಬರೆಯಲು ಹೊರಟಿದ್ದೆ, ಬೇಡ.

ಅವಳನ್ನು ತಿನ್ನುವಂತೆ ಮಾಡಿದ್ದು ನನ್ನ ಒಂದು ಸುಳ್ಳು. ಸುಳ್ಳು ಸಾಲದೆ ಬಂದರೆ ಇನ್ನೊಂದು ಸುಳ್ಳು ಹೇಳುವುದೇ ದಾರಿ. ಬೇರೆ ಏನು ಕಲಿತಿದ್ದೇನೆ ನಾನು?

8 ಮಾರ್ಚ್, ಶನಿವಾರ

ಯೋಜನೆ: ಒಂದು ಸಾದಾ ಅಳಿಲು. ಅಮ್ಮನ ಪಾರ್ಲರಿನ ಫೇಸ್ ಬ್ಲೀಚ್. ಅಜ್ಜಿಯ ಪೊರೆ ಬಂದ ಕಣ್ಣು. ಮೂರನ್ನೂ ಕೂಡಿಸಿದರೆ ತಾತ.

ಮುರುಗೇಶ್ ತರಕಾರಿ ಬುಟ್ಟಿಯನ್ನು ಕೋಲಿಗೆ ನಿಲ್ಲಿಸಿ, ಕೋಲಿಗೆ ದಾರ ಕಟ್ಟಿ, ಕಡಲೆಬೀಜ ಉದುರಿಸಿದ. ಸಲೀಸಾಗಿ ಒಂದು ಸಿಕ್ಕಿತು, ಮೂರು ಗೆರೆಯ, ಕಾನೂನುಬದ್ಧ ಅಳಿಲು. ಕೈಗವಸು ಹಾಕಿ ಹಿಡಿದುಕೊಂಡೆ. ಮುರುಗೇಶ್ ಕ್ರೀಮಿಗೆ ಪುಡಿ ಕಲಸಿ ಬ್ರಷ್ ಎತ್ತಿಕೊಂಡ. "ಮೇಡಂ, ಫೇಶಿಯಲ್ಲೂ ಮಾಡ್ಲಾ?" ಎಂದ. ನಗಿಸಲು ನೋಡಿದ, ಪಾಪ.

ಬಾಲದಿಂದ ಶುರು ಮಾಡಿದೆವು. ಅಳಿಲು ಅಲುಗಾಡುವುದನ್ನು ನಿಲ್ಲಿಸಿಬಿಟ್ಟಿತು. ಕಣ್ಣು ತೆರೆದೇ ಇತ್ತು, ಬಾಯಿ ಸ್ವಲ್ಪ ತೆರೆದಿತ್ತು, ಮೈ ಪೂರ್ತಿ ಸಡಿಲ. ಸತ್ತ ಹಾಗೆ. ಆದರೆ ನನ್ನ ಅಂಗೈಗೆ ಅದರ ಎದೆ ತಾಗಿತ್ತು. ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಬಡಿತಗಳ ನಡುವೆ ಜಾಗವೇ ಇರಲಿಲ್ಲ.

ಅಂದು ಕಚಗುಳಿ ಇಡುವ ಮುಂಚೆ ನಾನು ಎದೆ ಮುಟ್ಟಿ ನೋಡಿರಲಿಲ್ಲ. ಆಟದಲ್ಲಿ ಯಾರು ಎದೆ ಮುಟ್ಟುತ್ತಾರೆ?

ಕೈ ಸಡಿಲ ಬಿಟ್ಟೆ. ನೇರ ಓಡಿಹೋಗುವ ಬದಲು ಅಳಿಲು ಗವಸಿನ ಮೇಲಿಂದಲೇ ನನ್ನ ಬೆರಳಿಗೆ ಹಲ್ಲು ಇಳಿಸಿ, ಆಮೇಲೆ ಓಡಿತು. ನ್ಯಾಯವಾಗಿದೆ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಬ್ರಷ್, ಬಟ್ಟಲು, ರಕ್ತ, ಎಲ್ಲ ನೋಡಿದಳು. ಬಯ್ಯುತ್ತಲೇ ಬೆರಳು ತೊಳೆದು ಬಟ್ಟೆ ಕಟ್ಟಿದಳು.

"ಪಾರ್ಲರ್‌ನಲ್ಲೇ ಹುಟ್ಟಿ ಬೆಳೆದವಳು ನೀನು. ಬ್ಲೀಚ್ ಹಾಕಿದ್ರೆ ಕೂದಲು ಬೆಳ್ಳಗಾಗಲ್ಲ ಕಣೇ, ಹೊಂಬಣ್ಣ ಆಗತ್ತೆ. ಅಷ್ಟೂ ಗೊತ್ತಿಲ್ವಾ ನಿಂಗೆ?"

ಗೊತ್ತಿತ್ತು. ಬಂದುಹೋಗುವ ಹೆಂಗಸರ ಮೇಲ್ತುಟಿಯಲ್ಲಿ ವರ್ಷಗಟ್ಟಲೆ ನೋಡಿದ್ದೇನೆ. ಅದು ಹೇಗೆ ಮರೆತೆನೋ.

ಅಮ್ಮ ಅಲ್ಲೇ ನೆಲದ ಮೇಲೆ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅತ್ತೆ ಉಳಿಯಲ್ಲ ಹರ್ಷಿ," ಎಂದಳು.

ಇಂಜೆಕ್ಷನ್ ಹಾಕಿಸಿಕೊಂಡು ಬಂದೆ. ನೋವಾಗಲಿಲ್ಲ. ಇನ್ನೆರಡು ಹಾಕಿ ಎಂದು ಕೇಳಬೇಕೆನ್ನಿಸಿತು.

9 ಮಾರ್ಚ್

ಕಿತ್ತಳೆ ಬಾಲದ ಅಳಿಲೊಂದು ಅಟ್ಟೂರಿನ ಕಾಂಪೌಂಡುಗಳ ಮೇಲೆ ಓಡಾಡುತ್ತಿದೆ. ನನ್ನ ಸಾಧನೆ.

ಅಜ್ಜಿ ಇವತ್ತು ಮಜ್ಜಿಗೆಯನ್ನೂ ಬೇಡವೆಂದಳು. ನಾಳೆ ಸಂಜೆ ಆಸ್ಪತ್ರೆಗೆ. ಅಪ್ಪ ರಜೆ ಹಾಕಿದ್ದಾರೆ.

10 ಮಾರ್ಚ್, ಸೋಮವಾರ

ಸಿಕ್ಕಿತು.

ಮುರುಗೇಶ್ ಬೆಳಿಗ್ಗೆ ಗೇಟಿನಾಚೆ ನಿಂತು ಕರೆದ. ಮಚ್ಚಾ ಅನ್ನಲಿಲ್ಲ, ಹರ್ಷಿತಾ ಎಂದ. ಆಗಲೇ ಗೊತ್ತಾಯಿತು. ಅವರ ಮನೆಯ ತಾರಸಿಯಲ್ಲಿ, ಒಡೆದ ಹೂಕುಂಡಗಳ ಹಿಂದೆ ಬಿದ್ದಿತ್ತು. ಹದ್ದು ಎತ್ತಿಕೊಂಡು ಹೋಗುವಾಗ ಜಾರಿರಬೇಕು. ಕುತ್ತಿಗೆಯ ಹತ್ತಿರ ಎರಡು ತೂತು, ಬೇರೆ ಏನೂ ಆಗಿಲ್ಲ. ಬಿಸಿಲಿಗೆ ಒಣಗಿ ಹಗುರವಾಗಿದೆ. ಬಿಳಿ ಮಾತ್ರ ಹಾಗೆಯೇ ಇದೆ.

ಮುರುಗೇಶ್ ಹೇಳಿದ, "ಯಾರ್ಗೂ ಹೇಳೋದ್ ಬೇಡ. ಕೆರೆ ಹತ್ರ ಹಾಕಿ ಬರ್ತೀನಿ. ಅಜ್ಜಿಗೆ, ಸೋಲದೇವನಹಳ್ಳಿ ಕಡೆ ತೋಟದಲ್ಲಿ ನೋಡಿದ್ವಿ, ಆರಾಮಾಗಿದಾರೆ ಅನ್ನು. ನೀನ್ ಹೇಳಿದ್ರೆ ನಂಬ್ತಾರೆ."

ನಂಬುತ್ತಿದ್ದಳು. ಎಂಥ ಸುಳ್ಳು ಅದು! ಅದಕ್ಕೆ ನಾನು ಇನ್ನಷ್ಟು ಸೇರಿಸಬಹುದಿತ್ತು: ತೋಟ, ನೆರಳು, ಜೊತೆಗೆ ನಾಲ್ಕು ಅಳಿಲು, ಚಕ್ಕುಲಿ ಚೆನ್ನಾಗಿಲ್ಲವೆಂಬ ದೂರು. ಎಲ್ಲ ನಾಲಿಗೆಯ ತುದಿಯಲ್ಲಿತ್ತು.

ತಾತನ ಹಳೆಯ ಟವೆಲಿನ ಚೂರಿನಲ್ಲಿ ಸುತ್ತಿ ತಂದೆ. ಸೀಬೆ ಮರದ ಬುಡದಲ್ಲಿ ನಾನೇ ಗುಂಡಿ ತೋಡಿದೆ. ಮಣ್ಣು ಹಾಕುವ ಮುಂಚೆ ಟವೆಲು ಸರಿಸಿ, ಅದರ ಬೆನ್ನನ್ನು ಮೂರು ಬೆರಳಿನಿಂದ ಒಂದು ಸಲ ಸವರಿದೆ. ಯಾಕೆಂದು ಕೇಳಬೇಡಿ. ಕೈ ಮಣ್ಣಾಗಿತ್ತು, ಗೆರೆ ಬಿತ್ತು.

ಆಮೇಲೆ ಅಜ್ಜಿಯ ಹತ್ತಿರ ಹೋದೆ. ಮಲಗಿದ್ದಳು. ಕಣ್ಣು ತೆರೆಯದೆ ಕೇಳಿದಳು, "ಸಿಕ್ಕಿದ್ರಾ?"

"ಅಜ್ಜಿ, ಅದು ಸತ್ತುಹೋಗಿದೆ. ಹದ್ದು ಹಿಡಿದಿದೆ. ಮರದ ಕೆಳಗೆ ಹೂತುಬಿಟ್ಟೆ."

ಅಪ್ಪ ಬಾಗಿಲಿಗೆ ಬಂದು ನಿಂತದ್ದು ಕೇಳಿಸಿತು. ನಾನು ಅಜ್ಜಿಯ ಮುಖವನ್ನೇ ನೋಡುತ್ತಿದ್ದೆ. ಆಗ ಅವಳು ಸತ್ತರೂ ನಾನು ತಡೆಯಲಾರೆನೆಂದು ಅನ್ನಿಸಿತು. ಏನೂ ತಮಾಷೆ ಹೊಳೆಯಲಿಲ್ಲ. ಒಂದೂ.

ಅಜ್ಜಿ ಕಣ್ಣು ತೆರೆದಳು.

"ಬಾಯಿಗೆ ಅಕ್ಕಿ ಆಕಿದ್ಯಾ?"

"ಇಲ್ಲ."

"ಯಾವ್ ದಿಕ್ಕಿಗೆ ತಲೆ ಇಟ್ಟೆ?"

"ಗೊತ್ತಿಲ್ಲ ಅಜ್ಜಿ."

"ಥೂ. ಕಾಲೇಜು ಓದಿದೋಳಂತೆ." ಮೊಣಕೈ ಊರಿ ಎದ್ದು ಕೂರಲು ನೋಡಿದಳು, ಅಪ್ಪ ಓಡಿ ಬಂದು ಬೆನ್ನಿಗೆ ದಿಂಬು ಕೊಟ್ಟರು. "ಇವತ್ತು ಮಣ್ಣಾದ್ರೆ ಬುಧವಾರ ಆಲು ತುಪ್ಪ. ಮುನೀಂದ್ರ, ಆಸುಪತ್ರೆ ಗೀಸುಪತ್ರೆ ಆಮ್ಯಾಕೆ. ಅಸಿನ ಆಲು ತತ್ತಾ. ಈ ಸಲಿ ಬಿಡೋಳು ನಾನು."

"ಸರಿ ಅಮ್ಮ. ಅಲ್ಲಿವರೆಗೆ ಏನಾದ್ರೂ ಕುಡಿ. ಬಿದ್ದೋದ್ರೆ ಹಾಲು ತುಪ್ಪ ಯಾರ್ ಬಿಡ್ತಾರೆ?" ಎಂದರು ಅಪ್ಪ.

ಅಜ್ಜಿ ಯೋಚಿಸಿದಳು. ಮಜ್ಜಿಗೆ ಕುಡಿದಳು.

12 ಮಾರ್ಚ್, ಬುಧವಾರ

ಅಳಿಲೊಂದಕ್ಕೆ ಹಾಲು ತುಪ್ಪ ಬಿಟ್ಟದ್ದು ಅಟ್ಟೂರಿನಲ್ಲಿ ಇದೇ ಮೊದಲಿರಬೇಕು. ವರದಿ ಬರೆಯುವುದು ನನ್ನ ಕರ್ತವ್ಯ.

ಆಂಜಿನಪ್ಪ ಹೇಗೋ ಸುದ್ದಿ ತಿಳಿದು ಬಂದರು. "ಏನ್ರವ್ವ, ಮೂಷಿಕಕ್ಕೆಲ್ಲ ಸಂಸ್ಕಾರಾನಾ? ಅದೂ ಗೋಪಾಲಕ್ಕ ಗುಂಡಿ ತಾವ..." ಎಂದು ಶುರು ಮಾಡಿದರು. ಅಪ್ಪ ಅಡ್ಡ ಬಂದು ನಿಂತರು. ಬಸ್ಸಿನ ಮುಂದೆ ಆಟೋ ನುಗ್ಗಿದಾಗ ನೋಡುವ ನೋಟ ನೋಡಿದರು. "ಚಿಕ್ಕಪ್ಪ, ಇದು ನಮ್ಮ ಹಿತ್ತಲು. ಅಮ್ಮ ಬಿಡ್ತಾಳೆ. ನೀವು ಬೇಕಾದ್ರೆ ನಿಂತ್ಕೊಳಿ." ಆಂಜಿನಪ್ಪ ನಿಂತುಕೊಂಡರು.

ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯ ಸಮೇತ ಅಪ್ಪನೂ ಮುರುಗೇಶನೂ ಎತ್ತಿ ತಂದರು. ಸೀಬೆ ಮರದ ಬುಡದ ಆ ಗೇಣುದ್ದದ ಗುಡ್ಡೆಗೆ ಅಮ್ಮ ಅರಿಶಿನ ಕುಂಕುಮ ಹಚ್ಚಿದಳು. ಅಜ್ಜಿ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತು, ಮೊದಲು ಹಾಲು ಬಿಟ್ಟಳು, ಆಮೇಲೆ ತುಪ್ಪ. ಬಿಡುತ್ತ ಏನೋ ಹೇಳುತ್ತಿದ್ದಳು. ಅಳಿಲಿಗೆ ಹೇಳುವ ಮಾತಾಗಿರಲಿಲ್ಲ ಅದು. "ಐವತ್ತು ವರ್ಸ ಅನ್ನ ಇಕ್ಕಿದೀನಿ. ಒಂದ್ ತೊಟ್ಟು ಆಲು ಬಿಡಾಕೆ ಬಿಡ್ಲಿಲ್ವಲ್ಲ ಇವ್ರು," ಎಂಬಷ್ಟು ಕೇಳಿಸಿತು. ಆಮೇಲೆ ಗುಡ್ಡೆಯ ಮೇಲೆ ಕೈ ಇಟ್ಟು ಅತ್ತಳು. ಜನ ತಿಥಿಯಲ್ಲಿ ಅಳುವ ಹಾಗೆ, ಜೋರಾಗಿ. ಜನವರಿಯಲ್ಲಿ ಅವಳು ಹಾಗೆ ಅತ್ತಿರಲೇ ಇಲ್ಲ ಎಂಬುದು ಆಗ ಹೊಳೆಯಿತು.

ಮೋಟುಗೋಡೆಯ ಮೇಲೆ ಎಡೆ ಇಟ್ಟೆವು. ಹಿಂದೆ ಸರಿದೆವು. ಟ್ಯಾಂಕಿನ ಮೇಲೆ ಅವೇ ಕಾಗೆಗಳು, ಅದೇ ಸಾಲು.

"ಮಾತು ಕೊಡ್ರಪ್ಪ," ಎಂದರು ಆಂಜಿನಪ್ಪ, ಅಭ್ಯಾಸ ಬಲದಿಂದ.

ಎಲ್ಲರೂ ನನ್ನ ಕಡೆ ನೋಡಿದರು. ಅಮ್ಮ ಮುನ್ನೆಚ್ಚರಿಕೆಯಾಗಿ ನನ್ನ ತೋಳು ಹಿಡಿದುಕೊಂಡಳು. ನಾನೊಂದು ಒಳ್ಳೆಯ ಜೋಕು ತಯಾರು ಮಾಡಿಟ್ಟುಕೊಂಡಿದ್ದೆ, ವಿಐಪಿ ಶಾಮಿಯಾನಕ್ಕೆ ಸಂಬಂಧಪಟ್ಟದ್ದು. ಬಾಯಿ ತೆರೆದಾಗ ಬೇರೆಯೇ ಬಂತು.

"ತಾತ, ಇನ್ನು ಕಚಗುಳಿ ಇಡಲ್ಲ. ಮಲ್ಕೋ."

ಅಮ್ಮ ತೋಳು ಬಿಟ್ಟಳು.

ಕಾಗೆ ಇಳಿಯಿತೆಂದು ಬರೆಯಬೇಕೆಂದು ಬಹಳ ಆಸೆಯಿದೆ. ಇಳಿಯಲಿಲ್ಲ. ಕಾಂಪೌಂಡಿನ ಮೇಲಿಂದ ಓಡಿಬಂದದ್ದು ಕಿತ್ತಳೆ ಬಾಲದ ಅಳಿಲು. ಗೋಡೆ ಹತ್ತಿ, ನನ್ನನ್ನು ಗುರುತು ಹಿಡಿದು ಚಿಟಿಚಿಟಿ ಎಂದು ಬೈದು, ವಡೆಯಿಂದ ಒಂದು ಚೂರು ಕಿತ್ತುಕೊಂಡಿತು.

ಅಜ್ಜಿ ಕಣ್ಣೊರೆಸಿಕೊಂಡು ಮುಂದಕ್ಕೆ ಬಾಗಿದಳು. "ಇದ್ಯಾರಮ್ಮಿ?"

ಎಲ್ಲರೂ ಮತ್ತೆ ನನ್ನನ್ನು ನೋಡಿದರು. ಅಪ್ಪನ ಕಣ್ಣಿನಲ್ಲಿ, ಹೇಳು ಏನಾದರೂ ಹೇಳು ಎಂಬ ಬೇಡಿಕೆಯಿತ್ತು.

"ಯಾರೂ ಅಲ್ಲ ಅಜ್ಜಿ. ಅಳಿಲು, ಅಷ್ಟೇ."

"ಬಾಲ ಯಾಕೆ ಅಂಗೈತೆ?"

"ಅಮ್ಮನ ಪಾರ್ಲರ್‌ಗೆ ಬಂದಿತ್ತು."

ಅಜ್ಜಿ ಕಣ್ಣು ಕಿರಿದು ಮಾಡಿ ಬಾಲವನ್ನೇ ನೋಡಿದಳು. ಆಮೇಲೆ ಅವಳ ಭುಜ ಅಲುಗತೊಡಗಿತು. ಮತ್ತೆ ಅಳುತ್ತಿದ್ದಾಳೆಂದು ಅಪ್ಪ ಬಗ್ಗಿದರು. ಅಳು ಅಲ್ಲ. ಹಲ್ಲಿಲ್ಲದ ಬಾಯಿ ತೆರೆದು, ಕೆಮ್ಮುತ್ತ, ಪಕ್ಕೆ ಹಿಡಿದುಕೊಂಡು ನಗುತ್ತಿದ್ದಳು. "ಅಯ್ಯೋ ಮುಂಡೇದೇ, ನಿಮ್ ತಾತನ್ ಮೊಮ್ಮಗ್ಳೇ ನೀನು! ಸರಳಾ, ಎಲೆ ಆಕು. ಆಲು ತುಪ್ಪ ಬಿಟ್ಟೋರು ಉಪಾಸ ಇರ್ಬಾರ್ದು."

ಮುದ್ದೆ ಪೂರ್ತಿ ತಿನ್ನಲಿಲ್ಲ. ಮುಕ್ಕಾಲು. ಮಾತ್ರೆ ನುಂಗಿದಳು. ಡಾಕ್ಟರು ನಾಳೆ ಬಂದು ನೋಡುತ್ತಾರೆ.

ಎಲ್ಲರೂ ಉಂಡ ಮೇಲೆ ಜಗಲಿಯ ಮಂಚದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಜನವರಿಯಿಂದ ಯಾರೂ ಈ ಮಂಚದ ಮೇಲೆ ಕೂತಿರಲಿಲ್ಲ, ಧೂಳು ಹಿಡಿದಿತ್ತು, ಒರೆಸಿದೆ. ವಿಶೇಷವೇನೂ ಇಲ್ಲ. ಶನಿವಾರದ ಬ್ಲೀಚ್ ಈಗ ಕಣ್ಣಿಗೆ ಹೋದಂತಿದೆ, ವಿಪರೀತ ಉರಿಯುತ್ತಿದೆ, ಅಕ್ಷರ ಕಾಣುತ್ತಿಲ್ಲ. ನಿಲ್ಲಿಸುತ್ತೇನೆ.